ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಆದ ಮೇಲೆ ಮೌಸ್ ನಿಂತಿದೆ: ದೀಪ ಉರಿಯುತ್ತದೆ, ಬಾಣ ಕದಲುವುದಿಲ್ಲ

ಡಿಟಿಪಿ ಅಂಗಡಿ, ಸಾಗರ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ಲಗ್ನಪತ್ರಿಕೆ, ಕರಪತ್ರ, ಅರ್ಜಿ ಟೈಪಿಂಗ್ ಮುಂತಾದ ಕೆಲಸಗಳಿಗೆ ನಮ್ಮ ಅಂಗಡಿಯಲ್ಲಿ ಬಳಸುವ ಕಂಪ್ಯೂಟರಿನಲ್ಲಿ ಇದುವರೆಗೆ ವಿಂಡೋಸ್ 10 ಇತ್ತು. ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದರಿಂದ ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಮಾಡಿದೆ. ಅಪ್‌ಗ್ರೇಡ್ ಯಾವ ತಕರಾರೂ ಇಲ್ಲದೆ ಮುಗಿಯಿತು; ಕಡತಗಳು, ಫಾಂಟುಗಳು, ನುಡಿ ತಂತ್ರಾಂಶ, ಪ್ರಿಂಟರ್ ಎಲ್ಲವೂ ಮೊದಲಿನಂತೆಯೇ ಇವೆ. ಮೌಸ್ ಮಾತ್ರ ಕೆಲಸ ಮಾಡುತ್ತಿಲ್ಲ.

ಅದು ಯುಎಸ್‌ಬಿ ತಂತಿಯ ಸಾಮಾನ್ಯ ಮೌಸ್. ಕೆಳಭಾಗದ ಕೆಂಪು ದೀಪ ಉರಿಯುತ್ತದೆ, ಆದರೆ ಪರದೆಯ ಮೇಲೆ ಬಾಣ ಕದಲುವುದಿಲ್ಲ, ಗುಂಡಿ ಒತ್ತಿದರೂ ಏನೂ ಆಗುವುದಿಲ್ಲ. ಬೇರೆ ಕಂಪನಿಯ ಮತ್ತೊಂದು ಮೌಸ್ ಹಾಕಿದರೂ ಅದೇ ಸ್ಥಿತಿ. ಇದೇ ಮೌಸನ್ನು ಪಕ್ಕದ ಅಂಗಡಿಯ ಕಂಪ್ಯೂಟರಿಗೆ ಹಾಕಿದರೆ ಸರಾಗವಾಗಿ ಓಡುತ್ತದೆ. ಕೀಬೋರ್ಡ್ ಚೆನ್ನಾಗಿದೆ. ಇಲ್ಲಿನ ಸರ್ವಿಸ್‌ನವರೊಬ್ಬರು ಎಲ್ಲವನ್ನೂ ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಬೇಕು ಎನ್ನುತ್ತಿದ್ದಾರೆ. ಮದುವೆಯ ದಿನಗಳು ಹತ್ತಿರ ಬಂದಿವೆ, ಹಳೆಯ ವಿನ್ಯಾಸಗಳೂ ಆಸ್ಕಿ ಫಾಂಟುಗಳೂ ಇದೇ ಯಂತ್ರದಲ್ಲಿವೆ. ಫಾರ್ಮ್ಯಾಟ್ ಮಾಡದೆ ಇದನ್ನು ಸರಿಪಡಿಸಲು ದಾರಿ ಇದ್ದರೆ ದಯವಿಟ್ಟು ತಿಳಿಸಿ.

ಕಂಪ್ಯೂಟರ್ ದುರಸ್ತಿ, ಹುಬ್ಬಳ್ಳಿ

ನಮಸ್ಕಾರ ಸರ್. ಈ ಲಕ್ಷಣಗಳಿಗೆ ಫಾರ್ಮ್ಯಾಟ್ ಅಗತ್ಯವಿಲ್ಲ. ಸದ್ಯಕ್ಕೆ ನಿಮ್ಮ ಕೆಲಸ ನಿಲ್ಲದಂತೆ ಮಾಡೋಣ. ಕೀಬೋರ್ಡಿನ ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್ ಮತ್ತು ನಮ್ ಲಾಕ್ ಮೂರನ್ನೂ ಒಟ್ಟಿಗೆ ಒತ್ತಿ, ಬರುವ ಪ್ರಶ್ನೆಗೆ ಎಂಟರ್ ಒತ್ತಿದರೆ ಮೌಸ್ ಕೀಸ್ ಎಂಬ ಸೌಲಭ್ಯ ಚಾಲೂ ಆಗುತ್ತದೆ. ಆಮೇಲೆ ಬಲಗಡೆಯ ಅಂಕಿಗಳ ಭಾಗದಲ್ಲಿ 8, 2, 4, 6 ಒತ್ತಿದರೆ ಬಾಣ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಹೋಗುತ್ತದೆ. 5 ಒತ್ತಿದರೆ ಕ್ಲಿಕ್ ಆಗುತ್ತದೆ, ಕೂಡಿಸುವ ಚಿಹ್ನೆ ಒತ್ತಿದರೆ ಡಬಲ್ ಕ್ಲಿಕ್ ಆಗುತ್ತದೆ. ಕಳೆಯುವ ಚಿಹ್ನೆ ಒತ್ತಿ ನಂತರ 5 ಒತ್ತಿದರೆ ಬಲ ಗುಂಡಿಯ ಕ್ಲಿಕ್ ಆಗುತ್ತದೆ, ಭಾಗಾಕಾರದ ಚಿಹ್ನೆ ಒತ್ತಿದರೆ ಮತ್ತೆ ಎಡ ಗುಂಡಿಗೆ ಮರಳುತ್ತದೆ. ವಿನ್ಯಾಸದ ಕೆಲಸಕ್ಕೆ ಇದು ಸಾಲದು, ಆದರೆ ದುರಸ್ತಿ ಮಾಡಿಕೊಳ್ಳುವುದಕ್ಕೆ ಧಾರಾಳವಾಗಿ ಸಾಕು.

ಎರಡನೆಯದಾಗಿ, ಶಟ್ ಡೌನ್ ಮಾಡಿ ಮತ್ತೆ ಆನ್ ಮಾಡುವುದನ್ನು ಬಿಟ್ಟು ಒಮ್ಮೆ ರೀಸ್ಟಾರ್ಟ್ ಆಯ್ಕೆಯನ್ನೇ ಬಳಸಿ. ಬೇಗ ಆನ್ ಆಗಲೆಂದು ಇರುವ ಫಾಸ್ಟ್ ಸ್ಟಾರ್ಟಪ್ ಚಾಲೂ ಇರುವ ಯಂತ್ರದಲ್ಲಿ ಶಟ್ ಡೌನ್ ಮಾಡಿದಾಗ ವಿಂಡೋಸಿನ ತಿರುಳಾದ ಕರ್ನೆಲ್ ಮತ್ತು ಮೌಸ್, ಪ್ರಿಂಟರ್‌ನಂಥ ಸಾಧನಗಳನ್ನು ನಡೆಸುವ ಡ್ರೈವರುಗಳ ಸ್ಥಿತಿ ಡಿಸ್ಕಿನಲ್ಲಿ ಉಳಿದು, ಮುಂದಿನ ಸಲ ಅದೇ ಸ್ಥಿತಿ ಎದ್ದು ಬರುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಡ್ರೈವರುಗಳು ಮೊದಲಿನಿಂದ ಶುರುವಾಗುತ್ತವೆ. ನಮ್ಮಲ್ಲಿಗೆ ಬರುವ ಎಷ್ಟೋ ಗಿರಾಕಿಗಳಿಗೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ.

ಅದರಿಂದಲೂ ಸರಿಹೋಗದಿದ್ದರೆ ಎರಡು ವಿಷಯ ನೋಡಿ ತಿಳಿಸಿ. ಕಂಪ್ಯೂಟರ್ ಆನ್ ಆಗುವಾಗ, ವಿಂಡೋಸ್‌ಗಿಂತ ಮೊದಲು ಬರುವ ಬಯಾಸ್ ಎಂಬ ಸೆಟ್ಟಿಂಗ್ ಪರದೆಗೆ ಹೋದರೆ ಅಲ್ಲಿ ಮೌಸ್ ಓಡುತ್ತದೆಯೇ? ಹಾಗೆಯೇ ವಿಂಡೋಸ್ ಒಳಗೆ ವಿಂಡೋಸ್ ಕೀಲಿ ಮತ್ತು ಎಕ್ಸ್ ಒಟ್ಟಿಗೆ ಒತ್ತಿ, ಬಿಟ್ಟು, ಎಂ ಒತ್ತಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಅದರಲ್ಲಿ ಮೌಸ್‌ಗಳ ವಿಭಾಗದಡಿ ಹಳದಿ ತ್ರಿಕೋನ ಕಂಡರೆ, ಆ ಸಾಲಿನ ಮೇಲೆ ನಿಂತು ಎಂಟರ್ ಒತ್ತಿ, ಒಳಗೆ ಬರೆದಿರುವ ಕೋಡ್ ಸಂಖ್ಯೆಯನ್ನು ಇಲ್ಲಿ ಹಾಕಿ. ಆ ಸಂಖ್ಯೆ ಇಲ್ಲದೆ ಮುಂದೆ ಹೇಳುವುದೆಲ್ಲ ಬರೀ ಊಹೆ.

ಕಂಪ್ಯೂಟರ್ ಶಿಕ್ಷಕಿ, ಹಾಸನ

ನಮ್ಮ ಶಾಲೆಯ ಲ್ಯಾಬಿನಲ್ಲಿಯೂ ಅಪ್‌ಗ್ರೇಡ್ ಆದ ಮೇಲೆ ಒಂದು ಮೌಸ್ ತೊಂದರೆ ಕೊಡುತ್ತಿದೆ. ಅದು ವೈರ್‌ಲೆಸ್, ಚಿಕ್ಕ ರಿಸೀವರ್ ಯುಎಸ್‌ಬಿಗೆ ಹಾಕುವಂಥದ್ದು. ಪೂರ್ತಿ ಸತ್ತಿಲ್ಲ, ಮಕ್ಕಳು ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟರೆ ನಿಂತುಬಿಡುತ್ತದೆ, ರಿಸೀವರ್ ಕಿತ್ತು ಹಾಕಿದರೆ ಮತ್ತೆ ಬರುತ್ತದೆ. ಇದಕ್ಕೂ ಮೇಲಿನ ಕ್ರಮವೇ ಸರಿಯೇ?

ಕಂಪ್ಯೂಟರ್ ದುರಸ್ತಿ, ಹುಬ್ಬಳ್ಳಿ

ಮೇಡಂ, ನಿಮ್ಮದು ಬೇರೆ ಕಾಯಿಲೆ. ವಿದ್ಯುತ್ ಉಳಿಸಲು ವಿಂಡೋಸ್ ಆ ಯುಎಸ್‌ಬಿ ಪೋರ್ಟನ್ನು ಮಲಗಿಸುತ್ತಿದೆ, ರಿಸೀವರ್ ಅಲ್ಲಿಂದ ಎದ್ದು ಬರುತ್ತಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ರೂಟ್ ಹಬ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಬಹುದು ಎಂಬ ಅರ್ಥದ ಸಾಲಿನ ಮುಂದಿರುವ ಗುರುತು ತೆಗೆಯಿರಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್ ಒಳಗೆ, ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿರುವ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅನ್ನೂ ನಿಲ್ಲಿಸಿ. ಅದರ ನಂತರವೂ ಪೆನ್‌ಡ್ರೈವಿಗೆ ಕಡತ ನಕಲಾಗುವಾಗ ಮೌಸ್ ತಡವರಿಸಿದರೆ ಅದಕ್ಕೂ ಅಪ್‌ಗ್ರೇಡ್‌ಗೂ ಸಂಬಂಧವಿಲ್ಲ. ಯುಎಸ್‌ಬಿ 3.0 ಪೋರ್ಟುಗಳು ಹೊಮ್ಮಿಸುವ ರೇಡಿಯೋ ಗದ್ದಲ ನಿಮ್ಮ ರಿಸೀವರಿನಂಥ 2.4 ಗಿಗಾಹರ್ಟ್ಸ್ ವೈರ್‌ಲೆಸ್ ಸಾಧನಗಳಿಗೆ ಅಡ್ಡಿಯಾಗುತ್ತದೆ ಎಂದು ಇಂಟೆಲ್ ಸಂಸ್ಥೆಯೇ 2012ರಲ್ಲಿ ಬರೆದು ಪ್ರಕಟಿಸಿದೆ. ರಿಸೀವರನ್ನು ಸಾಮಾನ್ಯವಾಗಿ ನೀಲಿ ಬಣ್ಣದ್ದಾಗಿರುವ ಆ 3.0 ಪೋರ್ಟಿನಿಂದ ದೂರದ ಪೋರ್ಟಿಗೆ ಹಾಕಿದರೆ ಸಾಕಾಗುತ್ತದೆ.

ಡಿಟಿಪಿ ಅಂಗಡಿ, ಸಾಗರ

ಮೌಸ್ ಕೀಸ್‌ಗಾಗಿ ತುಂಬಾ ಧನ್ಯವಾದಗಳು ಸರ್, ಪ್ರಿಂಟ್ ಕೊಡುವ ಕೆಲಸವಾದರೂ ಸಾಗುತ್ತಿದೆ. ರೀಸ್ಟಾರ್ಟ್ ಮಾಡಿದೆ, ಬದಲಾವಣೆ ಇಲ್ಲ. ಬಯಾಸ್ ಪರದೆಯಲ್ಲಿ ಮೌಸ್ ಚೆನ್ನಾಗಿ ಓಡುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಎಚ್‌ಐಡಿ ಕಂಪ್ಲಯಂಟ್ ಮೌಸ್ ಎಂಬ ಸಾಲಿಗೆ ಹಳದಿ ಗುರುತು ಇದೆ. ಡ್ರೈವರ್ ಕೆಟ್ಟಿರಬಹುದು ಅಥವಾ ಇಲ್ಲದಿರಬಹುದು ಎಂಬ ಮಾತಿನ ಕೊನೆಗೆ ಕೋಡ್ 39 ಎಂದಿದೆ. ಆ ಸಾಲನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದರೆ ಅದು ಮತ್ತೆ ಹಳದಿ ಗುರುತಿನೊಂದಿಗೇ ಬರುತ್ತದೆ. ಎರಡನೆಯ ಮೌಸ್ ಹಾಕಿದಾಗಲೂ ಇದೇ ಕೋಡ್.

ಕಲಿಯುತ್ತಿರುವವನು, ದಾವಣಗೆರೆ

ಸರ್, ಕೋಡ್ 39 ಎಂದು ಹುಡುಕಿದರೆ ಒಂದು ಪರಿಹಾರ ಸಿಗುತ್ತದೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಅಪ್ಪರ್‌ಫಿಲ್ಟರ್ಸ್ ಮತ್ತು ಲೋಯರ್‌ಫಿಲ್ಟರ್ಸ್ ಎಂಬ ಎರಡು ಡ್ರೈವರ್ ಪಟ್ಟಿಗಳನ್ನೂ ಅಳಿಸಿ ರೀಸ್ಟಾರ್ಟ್ ಮಾಡಬೇಕಂತೆ. ಅದು ಆಗದಿದ್ದರೆ ವಿಂಡೋಸ್ ಕೆಟ್ಟಾಗ ದುರಸ್ತಿಗೆಂದು ಇರುವ ರಿಕವರಿ ಪರದೆಗೆ ಹೋಗಿ ಹಿಂದಿನ ಸ್ಥಿತಿಗೆ ಮರಳಬಹುದಲ್ಲವೇ?

ಡ್ರೈವರ್ ಅಭಿವೃದ್ಧಿ, ಬೆಂಗಳೂರು

ಸಾಗರದವರೇ, ಮೇಲಿನ ಸಲಹೆಯನ್ನು ದಯವಿಟ್ಟು ಹಾಗೆಯೇ ಪಾಲಿಸಬೇಡಿ. ಅದು ಸಿಡಿ, ಡಿವಿಡಿ ಡ್ರೈವ್‌ಗಳಿಗಾಗಿ ಬಹಳ ವರ್ಷಗಳಿಂದ ಓಡಾಡುತ್ತಿರುವ ಪರಿಹಾರ, ಆ ಡ್ರೈವ್‌ಗಳ ಮಟ್ಟಿಗೆ ಸರಿಯಾದದ್ದೂ ಹೌದು. ಮೌಸ್ ವಿಷಯದಲ್ಲಿ ಅದನ್ನು ಅನುಸರಿಸಿದರೆ, ಈಗ ಅರ್ಧ ಕೆಟ್ಟಿರುವುದು ಪೂರ್ತಿ ಕೆಡುತ್ತದೆ. ಏಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಿಮ್ಮ ದುರಸ್ತಿ ಇರುವುದೂ ಅದೇ ಜಾಗದಲ್ಲಿ.

ಮೌಸ್ ಸರಿಸಿದಾಗ ಅದು ಯಾವ ಗುಂಡಿ ಒತ್ತಿದೆ, ಅಡ್ಡಕ್ಕೆ ಎಷ್ಟು ಸರಿದಿದೆ, ಉದ್ದಕ್ಕೆ ಎಷ್ಟು ಸರಿದಿದೆ ಎಂಬ ಪುಟ್ಟ ವರದಿಯನ್ನು ಕಳಿಸುತ್ತದೆ. ಬಯಾಸ್ ಬಳಸುವ ಬೂಟ್ ಪ್ರೋಟೋಕಾಲ್‌ನಲ್ಲಿ ಈ ಮೂರಕ್ಕೆ ಮೂರು ಬೈಟ್ ಸಾಕು. ನಿಮ್ಮ ಮೌಸ್ ಬಯಾಸ್‌ನಲ್ಲಿ ಓಡುತ್ತದೆ ಎಂದ ಮೇಲೆ ಮೌಸ್, ತಂತಿ, ಪೋರ್ಟ್, ಮದರ್‌ಬೋರ್ಡ್ ಎಲ್ಲವೂ ನಿರ್ದೋಷಿ ಎಂದಾಯಿತು. ಕೆಂಪು ದೀಪವನ್ನು ಮಾತ್ರ ಸಾಕ್ಷಿಯಾಗಿ ಎಣಿಸಬಾರದು. ಪೋರ್ಟಿನಿಂದ 5 ವೋಲ್ಟ್ ಬರುತ್ತಿದೆ ಎಂಬುದಕ್ಕಿಂತ ಹೆಚ್ಚಿನದನ್ನು ಅದು ಹೇಳುವುದಿಲ್ಲ.

ಆ ವರದಿ ವಿಂಡೋಸ್ ಒಳಗೆ ಒಂದರ ಮೇಲೊಂದು ಕೂತಿರುವ ಡ್ರೈವರುಗಳನ್ನು ದಾಟಿ ಮೇಲೇರಬೇಕು. ಕೆಳಗೆ ಯುಎಸ್‌ಬಿ ಮಟ್ಟದಲ್ಲಿ ಎಚ್‌ಐಡಿಯುಎಸ್‌ಬಿ, ಅದರ ಮೇಲೆ ಮೌಎಚ್‌ಐಡಿ, ಎಲ್ಲಕ್ಕಿಂತ ಮೇಲೆ ಮೌಕ್ಲಾಸ್. ಈ ಮೌಕ್ಲಾಸ್ ಎಂಬ ಡ್ರೈವರೇ ಎಲ್ಲ ಬಗೆಯ ಮೌಸ್‌ಗಳ ಚಲನೆಯನ್ನು ಒಂದೇ ರೂಪಕ್ಕೆ ತಂದು ವಿಂಡೋಸಿಗೆ ಒಪ್ಪಿಸುವುದು. ಅದರ ಹೆಸರು ನೋಂದಣಿಯಾಗಿರುವುದು ಅಪ್ಪರ್‌ಫಿಲ್ಟರ್ಸ್ ಎಂಬ ಅದೇ ಪಟ್ಟಿಯಲ್ಲಿ. ಪಟ್ಟಿಯನ್ನು ಪೂರ್ತಿ ಅಳಿಸಿದರೆ ಮೌಕ್ಲಾಸ್ ಹೋಗುತ್ತದೆ, ಅದರೊಂದಿಗೆ ಯಾವ ಮೌಸ್ ಹಾಕಿದರೂ ಓಡುವ ಸಾಧ್ಯತೆಯೂ ಹೋಗುತ್ತದೆ. ಇನ್ನೂ ಅಪಾಯದ ಮಾತೆಂದರೆ, ಕೀಬೋರ್ಡಿಗೂ ಇಂಥದೇ ಪಟ್ಟಿ ಇದೆ, ಅದರಲ್ಲಿ ಕೆಬಿಡಿಕ್ಲಾಸ್ ಎಂಬ ಹೆಸರಿರುತ್ತದೆ, ಮತ್ತು ರಿಜಿಸ್ಟ್ರಿಯಲ್ಲಿ ಅದು ಮೌಸ್ ಪಟ್ಟಿಯ ಹತ್ತಿರದಲ್ಲೇ ಇದೆ. ಅವಸರದಲ್ಲಿ ಅದನ್ನು ಅಳಿಸಿದವರಿಗೆ ಲಾಗಿನ್ ಪಾಸ್‌ವರ್ಡ್ ಟೈಪ್ ಮಾಡಲೂ ಆಗುವುದಿಲ್ಲ.

ಈಗ ನಿಮ್ಮ ಯಂತ್ರಕ್ಕೆ ಬರೋಣ. ಎರಡು ಬೇರೆ ಕಂಪನಿಗಳ ಮೌಸ್‌ಗಳು ಒಂದೇ ಕೋಡ್ ತೋರಿಸುತ್ತಿವೆ, ಅನ್‌ಇನ್‌ಸ್ಟಾಲ್ ಮಾಡಿದರೂ ದೋಷ ಮರಳುತ್ತಿದೆ. ದೋಷ ಒಂದು ಮೌಸ್‌ಗೆ ಸೇರಿದ ಡ್ರೈವರಿನಲ್ಲಿದ್ದರೆ ಇನ್ನೊಂದು ಮೌಸ್ ಓಡಬೇಕಿತ್ತು. ಆದ್ದರಿಂದ ದೋಷ ಮೌಸ್ ಎಂಬ ಇಡೀ ವರ್ಗಕ್ಕೆ ಅನ್ವಯಿಸುವ ಪಟ್ಟಿಯಲ್ಲಿದೆ ಎಂದು ನನ್ನ ಬಲವಾದ ಅಭಿಪ್ರಾಯ. ಗೇಮಿಂಗ್ ಮೌಸ್‌ಗಳ ಜೊತೆಗೆ ಬರುವ ಕೆಲವು ತಂತ್ರಾಂಶಗಳು ಹೆಚ್ಚುವರಿ ಗುಂಡಿಗಳಿಗಾಗಿ ಮೌಸ್ ವರದಿಯನ್ನು ನಡುದಾರಿಯಲ್ಲಿ ನೋಡಿ ಬದಲಿಸುವ ತಮ್ಮದೇ ಒಂದು ಫಿಲ್ಟರ್ ಡ್ರೈವರನ್ನು ಈ ಪಟ್ಟಿಗೆ ಸೇರಿಸುತ್ತವೆ. ಅಪ್‌ಗ್ರೇಡ್ ನಡೆಯುವಾಗ ಆ ಹೆಸರು ಪಟ್ಟಿಯಲ್ಲಿ ಉಳಿದು, ಡ್ರೈವರ್ ಕಡತ ಮಾತ್ರ ಹೊರಟುಹೋಗಿದ್ದರೆ, ವಿಂಡೋಸ್ ಇಲ್ಲದ ಡ್ರೈವರನ್ನು ಹುಡುಕಿ, ಸಿಗದೆ, ಇಡೀ ಸಾಲನ್ನೇ ನಿಲ್ಲಿಸುತ್ತದೆ. ಕಡತ ಇದ್ದರೂ ಕೋರ್ ಐಸೋಲೇಷನ್ ಎಂಬ ಭದ್ರತಾ ವಿಭಾಗದ ಮೆಮೊರಿ ಇಂಟೆಗ್ರಿಟಿ ಚಾಲೂ ಇದ್ದಾಗ ಹಳೆಯ ಡ್ರೈವರುಗಳನ್ನು ಅದು ಒಳಗೆ ಬಿಡದಿರಬಹುದು. ಹಿಂದೆ ಎಂದಾದರೂ ಅಂಥ ಮೌಸ್ ಬಳಸಿದ್ದೀರಾ? ಅದರ ತಂತ್ರಾಂಶ ಆ್ಯಪ್‌ಗಳ ಪಟ್ಟಿಯಲ್ಲಿ ಈಗಲೂ ಇದ್ದರೆ ರಿಜಿಸ್ಟ್ರಿಯನ್ನು ಮುಟ್ಟದೆ ಅಲ್ಲಿಂದಲೇ ತೆಗೆದು ರೀಸ್ಟಾರ್ಟ್ ಮಾಡಿ. ತಾನು ಸೇರಿಸಿದ ಹೆಸರನ್ನು ತಾನೇ ತೆಗೆಯುವುದು ಅದರ ಕರ್ತವ್ಯ.

ಪಟ್ಟಿಯಲ್ಲಿ ಇಲ್ಲದಿದ್ದರೆ ಮಾತ್ರ ಹೀಗೆ ಮಾಡಿ. ಬೇಕಾದರೆ ಈಗಿನ ಸ್ಥಿತಿಗೆ ಮರಳಲು ಮೊದಲು ಒಂದು ರಿಸ್ಟೋರ್ ಪಾಯಿಂಟ್ ಮಾಡಿಕೊಳ್ಳಿ. ವಿಂಡೋಸ್ ಕೀಲಿ ಮತ್ತು ಆರ್ ಒತ್ತಿ, ರೆಜ್‌ಎಡಿಟ್ ಎಂದು ಟೈಪ್ ಮಾಡಿ ರಿಜಿಸ್ಟ್ರಿ ತೆರೆಯಿರಿ. ಎಚ್‌ಕೀ ಲೋಕಲ್ ಮಷೀನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಕ್ಲಾಸ್ ಎಂಬ ಕ್ರಮದಲ್ಲಿ ಒಳಗಿಳಿದರೆ ಪುಷ್ಪಾವರಣದೊಳಗಿನ ಉದ್ದನೆಯ ಹೆಸರುಗಳು ಕಾಣುತ್ತವೆ. ಮೌಸ್‌ನದು 4ಡಿ36ಇ96ಎಫ್ ಎಂದು ಆರಂಭವಾಗುತ್ತದೆ, ಕೀಬೋರ್ಡಿನದು 4ಡಿ36ಇ96ಬಿ. ವ್ಯತ್ಯಾಸ ಒಂದೇ ಅಕ್ಷರದ್ದು, ಹಾಗಾಗಿ ಬಲಗಡೆಯ ಭಾಗದಲ್ಲಿ ಕ್ಲಾಸ್ ಎಂಬುದರ ಮುಂದೆ ಮೌಸ್ ಎಂದೇ ಬರೆದಿದೆಯೇ ಎಂದು ಕಣ್ಣಾರೆ ನೋಡಿ ಮುಂದುವರಿಯಿರಿ. ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಬಳಸಿ ಆ ಒಂದು ಭಾಗವನ್ನು ಡೆಸ್ಕ್‌ಟಾಪಿನಲ್ಲಿ ಉಳಿಸಿಕೊಳ್ಳಿ. ನಂತರ ಅಪ್ಪರ್‌ಫಿಲ್ಟರ್ಸ್ ಮೇಲೆ ಎಂಟರ್ ಒತ್ತಿ. ಒಳಗೆ ಒಂದೊಂದು ಸಾಲಿಗೆ ಒಂದೊಂದು ಹೆಸರಿರುತ್ತದೆ. ಮೌಕ್ಲಾಸ್ ಅಲ್ಲದೆ ಬೇರೆ ಹೆಸರಿದ್ದರೆ ಅದನ್ನು ಬರೆದಿಟ್ಟುಕೊಳ್ಳಿ, ಸಿಸ್ಟಮ್32 ಒಳಗಿನ ಡ್ರೈವರ್ಸ್ ಫೋಲ್ಡರಿನಲ್ಲಿ ಆ ಹೆಸರಿನ ಕಡತ ಇದೆಯೇ ಎಂದು ಹುಡುಕಿ, ಇಲ್ಲದಿದ್ದರೆ ಆ ಒಂದು ಸಾಲನ್ನು ಮಾತ್ರ ಅಳಿಸಿ. ಮೌಕ್ಲಾಸ್ ಹಾಗೆಯೇ ಇರಲಿ. ರೀಸ್ಟಾರ್ಟ್ ಮಾಡಿ.

ದಾವಣಗೆರೆಯವರು ಕೇಳಿದ ರಿಕವರಿ ಪರದೆಯ ವಿಷಯಕ್ಕೂ ಉತ್ತರಿಸಬೇಕು, ಅದು ಒಳ್ಳೆಯ ಪ್ರಶ್ನೆ. ವಿಂಡೋಸ್ 11ರ 24ಎಚ್2 ಮತ್ತು 25ಎಚ್2 ಆವೃತ್ತಿಗಳಿಗೆ 2025ರ ಅಕ್ಟೋಬರ್ 14ರಂದು ಬಂದ ಕೆಬಿ5066835 ಎಂಬ ಅಪ್‌ಡೇಟ್ ಹಾಕಿದ ಮೇಲೆ, ರಿಕವರಿ ಪರದೆಯೊಳಗೆ ಯುಎಸ್‌ಬಿ ಮೌಸ್, ಯುಎಸ್‌ಬಿ ಕೀಬೋರ್ಡ್ ಎರಡೂ ಕೆಲಸ ಮಾಡುತ್ತಿರಲಿಲ್ಲ. ಮಾಮೂಲಿ ವಿಂಡೋಸಿನಲ್ಲಿ ಅವು ಚೆನ್ನಾಗಿಯೇ ಇರುತ್ತಿದ್ದವು, ಹಾಗಾಗಿ ತೊಂದರೆ ಬಿದ್ದು ರಿಕವರಿಗೆ ಹೋದವರಿಗಷ್ಟೇ ಇದು ಗೊತ್ತಾಗುತ್ತಿತ್ತು. ಮೈಕ್ರೋಸಾಫ್ಟ್ ಇದನ್ನು ಒಪ್ಪಿಕೊಂಡು ಅಕ್ಟೋಬರ್ 20ರಂದೇ ಕೆಬಿ5070773 ಎಂಬ ತುರ್ತು ಅಪ್‌ಡೇಟ್ ಬಿಡುಗಡೆ ಮಾಡಿತು. ಆದ್ದರಿಂದ ರಿಜಿಸ್ಟ್ರಿಗೆ ಕೈ ಹಾಕುವ ಮೊದಲು ವಿಂಡೋಸ್ ಅಪ್‌ಡೇಟ್ ಪೂರ್ಣವಾಗಿದೆಯೇ ಎಂದು ನೋಡಿಕೊಳ್ಳುವುದು ಕ್ಷೇಮ. ಸಾಗರದವರ ವಿಷಯದಲ್ಲಿ ಕೀಬೋರ್ಡ್ ಮಾಮೂಲಿ ವಿಂಡೋಸಿನಲ್ಲೇ ಕೆಲಸ ಮಾಡುತ್ತಿರುವುದರಿಂದ ರಿಕವರಿಗೆ ಹೋಗುವ ಪ್ರಸಂಗವೇ ಬರಲಾರದು. ಏನಾದರೂ ಹೆಚ್ಚುಕಡಿಮೆಯಾದರೆ ಡೆಸ್ಕ್‌ಟಾಪಿನಲ್ಲಿ ಉಳಿಸಿದ ಕಡತದ ಮೇಲೆ ಎಂಟರ್ ಒತ್ತಿದರೆ ಹಳೆಯ ಪಟ್ಟಿ ಮರಳುತ್ತದೆ.

ಕಲಿಯುತ್ತಿರುವವನು, ದಾವಣಗೆರೆ

ವಿವರವಾಗಿ ತಿಳಿಸಿದ್ದಕ್ಕೆ ಧನ್ಯವಾದಗಳು ಸರ್. ಹಾಗಾದರೆ ಸೆಟ್ಟಿಂಗ್ಸ್‌ನಲ್ಲಿರುವ ಗೋ ಬ್ಯಾಕ್ ಆಯ್ಕೆಯಿಂದ ವಿಂಡೋಸ್ 10ಕ್ಕೆ ಮರಳುವುದು ಸುಲಭವಲ್ಲವೇ?

ಡ್ರೈವರ್ ಅಭಿವೃದ್ಧಿ, ಬೆಂಗಳೂರು

ಅಪ್‌ಗ್ರೇಡ್ ಆದ 10 ದಿನಗಳೊಳಗೆ ಆ ಆಯ್ಕೆ ಇರುತ್ತದೆ, ಹಳೆಯ ವಿಂಡೋಸ್ ಫೋಲ್ಡರ್ ಅಳಿಸದಿದ್ದರೆ. ಆದರೆ ಅಪ್‌ಗ್ರೇಡ್ ನಂತರ ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ, ಮತ್ತು ಮುಂದೆ ಮತ್ತೊಮ್ಮೆ ಅಪ್‌ಗ್ರೇಡ್ ಮಾಡುವಾಗ ಇದೇ ಫಿಲ್ಟರ್ ಮತ್ತೆ ಎದುರಾಗುತ್ತದೆ. ಒಂದು ಸಾಲು ಅಳಿಸಿ ಮುಗಿಯುವ ಕೆಲಸಕ್ಕೆ ಇಡೀ ಆಪರೇಟಿಂಗ್ ಸಿಸ್ಟಮ್ ಹಿಂದಕ್ಕೆ ಒಯ್ಯುವುದನ್ನು ನಾನು ಸಲಹೆ ಮಾಡುವುದಿಲ್ಲ.

ಉಬುಂಟು ಬಳಕೆದಾರ, ಮೈಸೂರು

ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಳೆಯ ಪ್ರೊಸೆಸರ್ ಇರುವ ಬಹುಪಾಲು ಯಂತ್ರಗಳೂ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ ಯಂತ್ರಗಳೂ ವಿಂಡೋಸ್ 11ಕ್ಕೆ ಅಧಿಕೃತವಾಗಿ ಅರ್ಹವಲ್ಲದ ಕಾರಣ ಅನೇಕರು ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಕಡೆ ಬರುತ್ತಿದ್ದಾರೆ. ಅವರಿಗಾಗಿ ಇಲ್ಲಿಯೇ ಒಂದು ಮಾತು ಸೇರಿಸುತ್ತೇನೆ. ಉಬುಂಟು ಅಪ್‌ಗ್ರೇಡ್ ಆದ ಮೇಲೆ ಮೌಸ್ ಅಥವಾ ಟಚ್‌ಪ್ಯಾಡ್ ನಿಂತರೆ, ಅದರ ಜೊತೆಗೆ ವೈಫೈ ಮತ್ತು ಧ್ವನಿಯೂ ಹೋಗಿದೆಯೇ ಎಂದು ನೋಡಿ. ಮೂರೂ ಒಟ್ಟಿಗೆ ಹೋಗಿದ್ದರೆ ಹೊಸ ಕರ್ನೆಲ್ ಬಂದಿದ್ದು, ಹೆಚ್ಚುವರಿ ಡ್ರೈವರುಗಳಿರುವ ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ ಎಂಬ ಪ್ಯಾಕೇಜ್ ಬಾರದೇ ಉಳಿದಿರುವ ಸಾಧ್ಯತೆ ಹೆಚ್ಚು. ಯಂತ್ರ ಶುರುವಾಗುವಾಗ ಯಾವುದರಿಂದ ಶುರುವಾಗಬೇಕೆಂದು ಆರಿಸುವ ಗ್ರಬ್ ಮೆನು ತೆರೆದು, ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಿಂದಿನ ಕರ್ನೆಲ್ ಆರಿಸಿದರೆ ಎಲ್ಲವೂ ಓಡುತ್ತದೆ. ಅಲ್ಲಿ ನಿಂತುಕೊಂಡೇ ಹೊಸ ಕರ್ನೆಲ್‌ನ ಪೂರ್ತಿ ಸಂಖ್ಯೆಯನ್ನು ಹೆಸರಿನ ಕೊನೆಗೆ ಸೇರಿಸಿ ಆ ಪ್ಯಾಕೇಜ್ ಹಾಕಿಕೊಳ್ಳಿ. ಹಳೆಯ ಕರ್ನೆಲ್‌ನಲ್ಲಿಯೂ ಮೌಸ್ ಓಡದಿದ್ದರೆ ಕಾರಣ ಬೇರೆ; ಆಗ ಪ್ರತ್ಯೇಕವಾಗಿ ಕೇಳಿ, ಇಲ್ಲಿ ಸಾಗರದವರ ವಿಷಯ ಮುಂದುವರಿಯಲಿ.

ಡಿಟಿಪಿ ಅಂಗಡಿ, ಸಾಗರ

ಬೆಂಗಳೂರಿನ ಸರ್ ಹೇಳಿದಂತೆಯೇ ಇತ್ತು. ಅಪ್ಪರ್‌ಫಿಲ್ಟರ್ಸ್ ತೆರೆದಾಗ ಎರಡು ಸಾಲು ಕಂಡವು, ಒಂದು ಮೌಕ್ಲಾಸ್, ಇನ್ನೊಂದು ನನಗೆ ಗುರುತಿಲ್ಲದ ಹೆಸರು. ತಮ್ಮನ ಮಗ ರಜೆಯಲ್ಲಿ ಬಂದಾಗ ಆಟಕ್ಕೆಂದು ತಂದಿದ್ದ ಮೌಸ್‌ನ ತಂತ್ರಾಂಶ ಅದು ಎಂದು ಅವನನ್ನು ಕೇಳಿದ ಮೇಲೆ ಗೊತ್ತಾಯಿತು. ಆ ಮೌಸ್ ಈಗ ಇಲ್ಲಿಲ್ಲ, ತಂತ್ರಾಂಶ ಆ್ಯಪ್‌ಗಳ ಪಟ್ಟಿಯಲ್ಲೂ ಇರಲಿಲ್ಲ, ಡ್ರೈವರ್ಸ್ ಫೋಲ್ಡರಿನಲ್ಲಿ ಆ ಹೆಸರಿನ ಕಡತವೂ ಇರಲಿಲ್ಲ. ವಿಂಡೋಸ್ ಅಪ್‌ಡೇಟ್ ಪೂರ್ಣಗೊಳಿಸಿ, ರಿಸ್ಟೋರ್ ಪಾಯಿಂಟ್ ಮಾಡಿ, ಎಕ್ಸ್‌ಪೋರ್ಟ್ ಮಾಡಿಕೊಂಡು, ಆ ಒಂದು ಸಾಲನ್ನು ಅಳಿಸಿ ರೀಸ್ಟಾರ್ಟ್ ಮಾಡಿದೆ. ಮೌಸ್ ಓಡುತ್ತಿದೆ, ಹಳದಿ ಗುರುತು ಹೋಗಿದೆ, ಎರಡನೆಯ ಮೌಸ್ ಕೂಡ ಸರಿಯಾಗಿದೆ. ಒಂದು ಫಾಂಟ್ ಕೂಡ ಕಳೆದುಕೊಳ್ಳದೆ ಕೆಲಸ ಮುಗಿದದ್ದಕ್ಕೆ ನಿಮ್ಮೆಲ್ಲರಿಗೂ ಮನಸಾರೆ ಕೃತಜ್ಞನಾಗಿದ್ದೇನೆ.

ಇನ್ನೊಂದು ಕೇಳಬೇಕಿತ್ತು. ಒಳಗಿನ ಕೋಣೆಯ ಕಂಪ್ಯೂಟರ್ ಇನ್ನೂ ವಿಂಡೋಸ್ 10ರಲ್ಲಿದೆ, ಅವನು ಅದರಲ್ಲೂ ಅದೇ ಮೌಸ್ ಬಳಸಿದ್ದನಂತೆ. ಅದನ್ನು ಅಪ್‌ಗ್ರೇಡ್ ಮಾಡುವ ಮೊದಲು ಏನು ಮಾಡಬೇಕು?

ಕಂಪ್ಯೂಟರ್ ಶಿಕ್ಷಕಿ, ಹಾಸನ

ನಮ್ಮ ಲ್ಯಾಬಿನ ಮೌಸ್ ಕೂಡ ಸರಿಹೋಯಿತು, ಹುಬ್ಬಳ್ಳಿಯ ಸರ್‌ಗೆ ವಂದನೆಗಳು. ರೂಟ್ ಹಬ್‌ನ ಗುರುತು ತೆಗೆದ ಮೇಲೆ ನಿಂತಿಲ್ಲ. ಮೌಸ್ ಕೀಸ್ ಬಳಸುವುದನ್ನು ಮಕ್ಕಳಿಗೂ ಕಲಿಸಿದೆ.

ಡ್ರೈವರ್ ಅಭಿವೃದ್ಧಿ, ಬೆಂಗಳೂರು

ಬಹಳ ಸಂತೋಷ. ಒಳಗಿನ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇರುವಾಗಲೇ ಆ ತಂತ್ರಾಂಶವನ್ನು ಆ್ಯಪ್‌ಗಳ ಪಟ್ಟಿಯಿಂದ ತೆಗೆದು, ರೀಸ್ಟಾರ್ಟ್ ಮಾಡಿ, ರಿಜಿಸ್ಟ್ರಿಯ ಅದೇ ಪಟ್ಟಿಯಲ್ಲಿ ಮೌಕ್ಲಾಸ್ ಒಂದೇ ಉಳಿದಿದೆಯೇ ಎಂದು ನೋಡಿ. ಪೆನ್ ಟ್ಯಾಬ್ಲೆಟ್ ಬಳಸುತ್ತಿದ್ದರೆ ಅದರ ಡ್ರೈವರಿನ ವಿಂಡೋಸ್ 11 ಆವೃತ್ತಿಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಆಮೇಲೆ ಅಪ್‌ಗ್ರೇಡ್ ಶುರು ಮಾಡಿ. ಮೌಸ್ ಸರಿಯಾಗಿ ಓಡುವವರೆಗೆ ಹಳೆಯ ವಿಂಡೋಸ್ ಫೋಲ್ಡರನ್ನು ಡಿಸ್ಕ್ ಕ್ಲೀನಪ್‌ನಲ್ಲಿ ಅಳಿಸಬೇಡಿ.